ಕುಪಾಂಗ್‌ನಲ್ಲಿ ದೋಸೆಗೆ ಬೇರೆ ಅರ್ಥ

ಪರ್ತ್

ಪರ್ತ್‌ನವರಿಗೆ ಬಾಲಿ ಅಂದರೆ ಮೈಸೂರಿನವರಿಗೆ ಊಟಿ ಇದ್ದ ಹಾಗೆ. ಶಾಲೆಗಳಿಗೆ ರಜೆ ಬಂದರೆ ಸಾಕು, ನಮ್ಮ ಬೀದಿಯ ಅರ್ಧ ಮನೆಯವರು ಅಲ್ಲಿರುತ್ತಾರೆ. ಹೋಗುವಾಗ ಇದ್ದ ಮೂಗಿನ ತೊಗಲು ಬಿಸಿಲಿಗೆ ಸುಲಿದು ಬರುವಾಗ ಇರುವುದಿಲ್ಲ. ಕೂದಲಿಗೆ ಮಣಿ ಹೆಣೆಸಿಕೊಂಡು ಬಂದ ಹುಡುಗಿಯರು ಮುಂದೆ ಎರಡು ವಾರ ತಲೆ ತುರಿಸಿಕೊಳ್ಳುತ್ತಿರುತ್ತಾರೆ. ಆದ್ದರಿಂದ ನಾನೂ ಮಗಳೂ ಇಂಡೋನೇಷ್ಯಾಕ್ಕೆ ಹೊರಟಿದ್ದೇವೆ ಎಂದಾಗ ಯಾರೂ ಆಶ್ಚರ್ಯಪಡಲಿಲ್ಲ. ಬಾಲಿಗಲ್ಲ, ಕುಪಾಂಗಿಗೆ ಎಂದಾಗ ಮಾತ್ರ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿರುವ ನನ್ನ ನಾದಿನಿ ಧಾರವಾಡದಲ್ಲಿ ಬೆಳೆದವಳು, ನೇರ ಮಾತಿನವಳು. "ಅಲ್ಲೇನದ ವೈನಿ ನೋಡೂದು?" ಎಂದಳು.

ಏನಿದೆಯೋ ನನಗೂ ಗೊತ್ತಿರಲಿಲ್ಲ. ಟಿಮೋರ್ ದ್ವೀಪದ ಪಶ್ಚಿಮದ ಕೊನೆಯಲ್ಲಿರುವ ಬಂದರು ಊರು, ಪ್ರವಾಸದ ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸಿಬಿಡುವಂಥದ್ದು ಎಂಬಷ್ಟೇ ತಿಳಿದಿತ್ತು. ಇನ್ನೊಂದು ತಿಳಿದಿದ್ದದ್ದು, ಆರು ವರ್ಷದ ಹಿಂದೆ ನನ್ನ ತಮ್ಮ ಸುಧಿ ಅಲ್ಲಿ ತೀರಿಕೊಂಡಿದ್ದ.

ಸುಧಿ ಸರಕಿನ ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. ಅವನ ಹಡಗು ನಮ್ಮ ಫ್ರೀಮ್ಯಾಂಟಲ್ ಬಂದರಿಗೆ ಬಂದದ್ದು ಒಂದೇ ಸಲ. ಬೆಳಿಗ್ಗೆ ಫೋನ್ ಮಾಡಿ, ಹನ್ನೊಂದಕ್ಕೆಲ್ಲ ರೈಲು ಹತ್ತಿ ಮನೆಗೆ ಬಂದ. ಸಂಜೆ ಐದಕ್ಕೆ ಮತ್ತೆ ಹಡಗಿನಲ್ಲಿರಬೇಕಿತ್ತು. ಚಪ್ಪಲಿ ಬಿಡುತ್ತಲೇ, "ಅಕ್ಕಾ, ಮೊದ್ಲು ದೋಸೆ ಹಾಕು. ದೋಸೆ ಮುಖ ನೋಡಿ ನಾಲ್ಕು ತಿಂಗಳಾಯ್ತು" ಎಂದ. ಹಿಟ್ಟಿಲ್ಲ ಎಂದೆ. "ಹಿಟ್ಟೇ ಇಲ್ವಾ?" ಎಂದು ಇನ್ನೊಂದು ಸಲ ಕೇಳಿದ.

"ಇಲ್ಲ ಕಣೋ. ಎರಡು ದಿನ ಮುಂಚೆ ಹೇಳ್ಬೇಕಪ್ಪ, ಇದೇನು ಹೋಟ್ಲಾ?" ಎಂದು ನಕ್ಕೆ. ಅವನೂ ನಕ್ಕ. ಬ್ರೆಡ್ಡಿನ ಉಪ್ಪಿಟ್ಟು ಮಾಡಿಕೊಟ್ಟೆ, ತಟ್ಟೆ ಖಾಲಿ ಮಾಡಿದ. ಮುಂದಿನ ಸಲ ಹಡಗಿನಿಂದಲೇ ಫೋನ್ ಮಾಡುತ್ತೇನೆ, ಅಕ್ಕಿ ನೆನೆಹಾಕು ಎಂದು ಹೇಳಿ ಹೊರಟ.

ಹಿಂದಿನ ಯಾವುದೋ ಬಂದರಿನಲ್ಲಿ ಸೊಳ್ಳೆ ಕಚ್ಚಿತ್ತಂತೆ. ಇಲ್ಲಿಂದ ಹೊರಟ ಐದಾರು ದಿನಕ್ಕೆ ಡೆಂಗಿ ಜ್ವರ ವಿಪರೀತವಾಗಿ, ಹಡಗನ್ನು ದಾರಿ ತಿರುಗಿಸಿ, ಹತ್ತಿರದ ಊರೆಂದು ಕುಪಾಂಗಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಎರಡನೆಯ ದಿನ ಕಂಪನಿಯ ಏಜೆಂಟ್ ಫೋನ್ ಮಾಡಿ, ಗಾಬರಿಯಾಗುವಂಥದ್ದೇನಿಲ್ಲ ಎಂದ. ಶನಿವಾರ ಹೊರಟರಾಯಿತು ಎಂದು ನಾವು ಮಾತಾಡಿಕೊಂಡೆವು. ಸುಧಿ ಶುಕ್ರವಾರವೇ ಹೋದ. ಅವನ ದೇಹ ಜಕಾರ್ತಾದ ಮೇಲೆ ಬೆಂಗಳೂರಿಗೆ ಬಂತು, ನಾನು ಪರ್ತ್‌ನಿಂದ ನೇರ ಮೈಸೂರಿಗೆ ಹೋದೆ. ಕುಪಾಂಗ್ ನಾನು ನೋಡಲೇ ಇಲ್ಲ.

ಅವನ ಚೀಲದಲ್ಲಿ ನೀಲಿ ಪ್ಲಾಸ್ಟಿಕ್ ಮಣಿಗಳ ಒಂದು ಜಪಮಾಲೆ ಇತ್ತು, ತುದಿಯಲ್ಲಿ ಶಿಲುಬೆ. ಜೊತೆಗೆ 'ಸುಸ್ತೆರ್ ರೋಸ್' ಎಂದು ಆಸ್ಪತ್ರೆಯ ನರ್ಸಿನ ಹೆಸರು ಬರೆದ ಚೀಟಿ. ಕಾನ್ವೆಂಟಿನಲ್ಲಿ ಓದಿದ ನನಗೆ ಜಪಮಾಲೆ ಕಂಡರೆ ಭಯವಿಲ್ಲ. ಆದರೆ ಅಮ್ಮ, "ಇವನು ಮತ ಬದಲಾಯಿಸಿಬಿಟ್ಟಿದ್ದನೇನೇ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ಆ ಪ್ರಶ್ನೆ ಇಟ್ಟುಕೊಂಡೇ ಅವಳೂ ಹೋದಳು. ನನ್ನ ಪ್ರಶ್ನೆ ಬೇರೆ ಇತ್ತು. ಆಸ್ಪತ್ರೆಯಲ್ಲಿದ್ದ ಆ ನಾಲ್ಕು ದಿನ ಅವನು ನನ್ನನ್ನು ಕೇಳಿದ್ದನೇ? ಕೇಳಿದ್ದರೆ ಯಾವ ಮನಸ್ಸಿನಿಂದ? ಅದನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು, ಆ ಚೀಟಿಯ ಸುಸ್ತೆರ್.

ಡೆನ್‌ಪಸಾರ್

ನನ್ನ ಮಗಳು ಅನಘಾ ಅಡಿಲೇಡ್‌ನಲ್ಲಿ ಓದುತ್ತಾಳೆ. ಪರ್ತ್‌ನ ಶಾಲೆಯಲ್ಲಿ ಅವಳಿಗೆ ಇಂಡೋನೇಷ್ಯಾದ ಭಾಷೆ ಒಂದು ಪಾಠವಾಗಿತ್ತು. ಆಗ ಫ್ರೆಂಚ್ ತೆಗೆದುಕೊಳ್ಳಬಾರದಿತ್ತೇ ಎಂದು ಗೊಣಗಿದವಳು ನಾನೇ. ಈಗ ಅವಳಿಲ್ಲದೆ ನಾನು ಒಂದು ಹೆಜ್ಜೆ ಇಡುವ ಹಾಗಿರಲಿಲ್ಲ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ.

ಬಾಲಿಯ ಡೆನ್‌ಪಸಾರ್ ವಿಮಾನ ನಿಲ್ದಾಣದಲ್ಲಿ ನಮ್ಮ ವಿಮಾನದವರೆಲ್ಲ ನಗುತ್ತ ಹೊರಗೆ ಹೋದರು. ನಾವಿಬ್ಬರು ಒಳನಾಡಿನ ವಿಮಾನಗಳ ಕಡೆಗೆ ನಡೆದೆವು. ಅಲ್ಲಿ ಬೇರೆಯೇ ಜನ. ಒಬ್ಬೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ದಾರ ಬಿಗಿದ ರಟ್ಟಿನ ಪೆಟ್ಟಿಗೆ. ಪಕ್ಕದಲ್ಲಿ ಕುಳಿತ ಗಂಡಸು ಮೂರು ಡಬ್ಬ ಡೋನಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಊರಲ್ಲಿ ಕಾಯುವವರಿಗಂತೆ. ನಮ್ಮವರು ಮೈಸೂರುಪಾಕಿನ ಪೊಟ್ಟಣ ಹಿಡಿದು ಬಸ್ಸಿನಲ್ಲಿ ಕೂರುವುದು ಹೀಗೆಯೇ. ನನ್ನ ಕೈಚೀಲದಲ್ಲಿ ಜಪಮಾಲೆ ಮಾತ್ರ ಇತ್ತು. ನಮ್ಮನ್ನು ಕಾಯುವವರು ಯಾರೂ ಇರಲಿಲ್ಲ.

ಕುಪಾಂಗ್, ಅಂಗಳ

ನಾವು ಬಂದೆವು, ನನ್ನ ಸೂಟ್‌ಕೇಸ್ ಬರಲಿಲ್ಲ. ಅದು ಇನ್ನಾವುದೋ ದ್ವೀಪ ನೋಡಿಕೊಂಡು ಮರುದಿನ ಬಂತು. ನಾವು ಇಳಿದದ್ದು ಭಾನುವಾರ. ಊರಿಗೆ ಊರೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಎದೆಗೆ ಬೈಬಲ್ ಅವುಚಿಕೊಂಡು ಚರ್ಚಿನಿಂದ ಬರುತ್ತಿತ್ತು. ಅವರ ನಡುವೆ ನಾನು, ಮಗಳ ಟೀ ಶರ್ಟಿನಲ್ಲಿ. ಎದೆಯ ಮೇಲೆ ಒಂದು ಕಾಂಗರೂ ಬಿಯರ್ ಬಾಟಲಿ ಹಿಡಿದು ಕಣ್ಣು ಹೊಡೆಯುತ್ತಿತ್ತು.

ಉಳಿದುಕೊಂಡದ್ದು ಮಾಮಾ ಲಿನ್ ಎನ್ನುವವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅಲ್ಲಿ ವಯಸ್ಸಾದ ಹೆಂಗಸರನ್ನು ಮಾಮಾ ಎನ್ನುತ್ತಾರೆ. ಗೇಟು ತೆರೆದರೆ ಅಂಗಳ, ಅಂಗಳದಲ್ಲಿ ಸಮಾಧಿ. ಬಚ್ಚಲಿಗೆ ಹಾಕುವಂಥ ನೀಲಿ ಟೈಲ್ಸ್ ಹಾಕಿ, ಮೇಲೆ ತಗಡಿನ ಮಾಡು ಕಟ್ಟಿದ್ದರು. ಮಾಮಾ ಲಿನ್ ಅವರ ಯಜಮಾನರದು. ಮೊಮ್ಮಗಳು ಅದರ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು, ಮಾಡಿನ ಹಗ್ಗಕ್ಕೆ ಟವಲ್ ಒಣಹಾಕಿತ್ತು. ಬೀದಿಯುದ್ದಕ್ಕೂ ಹೀಗೆಯೇ. ನಾವು ಸತ್ತವರನ್ನು ಊರಾಚೆ ಬಿಟ್ಟು, ಸ್ನಾನ ಮಾಡಿ, ಹಿಂದಿರುಗಿ ನೋಡದೆ ಬರುವ ಜನ. ಇವರು ರಂಗೋಲಿ ಇಡಬೇಕಾದ ಜಾಗದಲ್ಲಿ ಗಂಡನನ್ನು ಇಟ್ಟುಕೊಂಡಿದ್ದಾರೆ. ಮೊದಲ ದಿನ ದೂರದಿಂದ ಸುತ್ತಿ ಓಡಾಡಿದೆ. ಮೂರನೆಯ ದಿನ ಚಪ್ಪಲಿಯ ಮುಳ್ಳು ತೆಗೆಯಲು ಅದರ ಮೇಲೇ ಕೂತಿದ್ದೆ.

ಊರಿನ ಬಡಾವಣೆಗಳ ಹೆಸರೆಲ್ಲ 'ಓಎ' ಎಂದು ಶುರುವಾಗುತ್ತವೆ. ಹಾಗೆಂದರೆ ನೀರು. ನಲ್ಲಿಯಲ್ಲಿ ಮಾತ್ರ ನೀರಿಲ್ಲ, ಟ್ಯಾಂಕರ್ ಬರಬೇಕು. ಕೆರೆಯಿಲ್ಲದ ಕೆರೆಗಳ ಬೆಂಗಳೂರನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಮಾಮಾ ಲಿನ್‌ಗೆ ಇಂಗ್ಲಿಷ್ ಮುಕ್ಕಾಲು ಪಾಲು ಬರುತ್ತಿರಲಿಲ್ಲ. ಆದರೂ ಎರಡು ಪದ ನನಗೆ ಬೇಗ ಹತ್ತಿದವು. ಎದುರು ಸಿಕ್ಕಾಗಲೆಲ್ಲ "ಸುದಾ ಮಕಾನ್?" ಎನ್ನುತ್ತಿದ್ದರು. ಊಟ ಆಯ್ತಾ ಎಂದು. ಸುದಾ ಎಂದರೆ ಆಯ್ತು. ಉಣ್ಣದಿದ್ದರೂ ಆಯ್ತು ಎನ್ನುವುದು ಅಲ್ಲೂ ಮರ್ಯಾದೆಯಂತೆ. ಇನ್ನೊಂದು 'ಅದಾ'. ಇದೆ ಎಂದು ಅದರ ಅರ್ಥ. ನಮ್ಮ ಮನೆಯವರ ಕಡೆಯವರು 'ನೀರ್ ಅದ, ಸಕ್ರಿ ಅದ' ಎನ್ನುವ ಹಾಗೆಯೇ. ಧಾರವಾಡದ ಮಾತನ್ನು ಸಮುದ್ರದಾಚೆ ಕೇಳಿ ನಗು ಬಂತು.

ಬಂದ ದಿನವೇ ಸಂಜೆ ಮಾಮಾ ಲಿನ್, ಭಾನುವಾರ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿದರು. ಅನಘಾ ಸ್ನಾನಕ್ಕೆ ಹೋಗಿದ್ದಳು. ನಾನು ಧೈರ್ಯ ಮಾಡಿ, ಪ್ರತಿ ಭಾನುವಾರ ತಪ್ಪದೆ ದೋಸಾ, ಗಂಡ ನಾಲ್ಕು, ಮಗಳು ಮೂರು, ನಾನು ಕೊನೆಗೆ ಉಳಿದದ್ದು ಎಂದು ಬೆರಳೆಣಿಸಿ ಹೇಳಿದೆ. ಆಕೆಯ ಮುಖ ಸಪ್ಪಗಾಯಿತು. ಒದ್ದೆ ತಲೆಯಲ್ಲಿ ಓಡಿ ಬಂದ ಮಗಳು, "ಅಮ್ಮಾ, ಸ್ಟಾಪ್. ದೋಸಾ ಮೀನ್ಸ್ ಸಿನ್" ಎಂದಳು. ನಮ್ಮ ದೋಷವೇ ಅಲ್ಲಿ ದೋಸ, ಅಂದರೆ ಪಾಪ. ವಿಷಯ ತಿಳಿದ ಮಾಮಾ ಲಿನ್ ಸಮಾಧಿ ಹಿಡಿದುಕೊಂಡು ನಕ್ಕರು. ಆಮೇಲೆ ದಿನಾ ಬೆಳಿಗ್ಗೆ ಕಾಫಿ ಇಡುತ್ತ ಅದೇ ತಮಾಷೆ: "ದೋಸ ಸೋಂದೆ ಅದಾ, ಇಬೂ?" ಇವತ್ತು ದೋಸ ಇಲ್ಲವೇ ಅಮ್ಮಾ, ಎಂದು. ಇಲ್ಲ ಎನ್ನುವುದಕ್ಕೆ ಆ ಊರಿನವರು ಸೋಂದೆ ಎನ್ನುತ್ತಾರೆ. ನಾನೂ ತಲೆಯಾಡಿಸಿ "ಸೋಂದೆ" ಎನ್ನುತ್ತಿದ್ದೆ.

ತೆನಾವು ಬಂದರು

ನೋಡುವ ಜಾಗಗಳನ್ನು ನೋಡಿದೆವು. ಡಚ್ಚರ ಕಾಲದ ಗೋಡೆಯ ಒಂದು ತುಂಡು, ಮಂಗಗಳ ಗುಹೆ, ತಾಳೆಗರಿಯನ್ನು ಬುಟ್ಟಿಯ ಹಾಗೆ ಮಡಿಸಿ ತಂತಿ ಕಟ್ಟಿದ ವಾದ್ಯ. ಓಡಾಟಕ್ಕೆ ಬೆಮೊ ಎನ್ನುವ ಸಣ್ಣ ವ್ಯಾನು. ಸೀಟಿನಡಿಯ ಸ್ಪೀಕರಿನಿಂದ ಹಾಡು ಕಿವಿಗೆ ಬರುವ ಮೊದಲು ಬೆನ್ನುಮೂಳೆಗೆ ಬರುತ್ತದೆ.

ಈ ದ್ವೀಪಕ್ಕೆ ಒಂದು ಕಾಲದಲ್ಲಿ ಹಡಗುಗಳು ಬರುತ್ತಿದ್ದದ್ದು ಶ್ರೀಗಂಧಕ್ಕಂತೆ. ಇಲ್ಲಿ ಅದಕ್ಕೆ ಚೆಂದಾನಾ ಎನ್ನುತ್ತಾರೆ. ಮೈಸೂರಿನವಳೆಂದು ಬಹಳ ಆಸೆಯಿಂದ, ಮರ ಎಲ್ಲಿ ನೋಡಬಹುದು ಎಂದು ಕೇಳಿಸಿದೆ. ಅಂಗಡಿಯವನು ಗಾಜಿನ ಕಪಾಟಿನಿಂದ ಹೆಬ್ಬೆರಳಷ್ಟು ಚಕ್ಕೆ ತೆಗೆದು ಮೂಸಿಸಿ, ಮತ್ತೆ ಒಳಗಿಟ್ಟ. ಎಲ್ಲ ಕಡಿದಾಯಿತು ಎಂದ. ನನ್ನ ಬೆರಳಲ್ಲಿ ಆ ವಾಸನೆ ಸಂಜೆಯವರೆಗೂ ಇತ್ತು. ನನ್ನ ಮಟ್ಟಿಗೆ ಅದು ಪೂಜೆಯ ವಾಸನೆ, ಸುಧಿಯನ್ನು ಮಲಗಿಸಿದ್ದ ಹಜಾರದ ವಾಸನೆ ಕೂಡ.

ತೆನಾವು ಎನ್ನುವುದು ಊರಿನ ಹಡಗುಕಟ್ಟೆ. ಫ್ರೀಮ್ಯಾಂಟಲ್‌ನಲ್ಲಿ ಕಂಟೈನರುಗಳ ಪಕ್ಕದಲ್ಲೇ ಜನ ಕಾಫಿ ಕುಡಿಯುತ್ತಾರೆ, ಮೀನು ತಿನ್ನುತ್ತಾರೆ. ಇಲ್ಲಿ ಸಿಮೆಂಟಿನ ಧೂಳು, ಲಾರಿಗಳು, ಹಡಗಿಗೆ ಕಾಯುತ್ತ ಗಂಟಿನ ಮೇಲೆ ಮಲಗಿದ ಸಂಸಾರಗಳು. ಸುಧಿಯನ್ನು ಯಾವ ಮೆಟ್ಟಿಲಿನಲ್ಲಿ ಇಳಿಸಿದ್ದರೋ ಹೇಳುವವರಿರಲಿಲ್ಲ. ಸಮುದ್ರ ಮಾತ್ರ ತಿಳಿಯಾಗಿ, ಹಸಿರಾಗಿ, ತಳ ಕಾಣುವಷ್ಟು ಚೆನ್ನಾಗಿತ್ತು. ಅದು ಅಷ್ಟು ಚೆನ್ನಾಗಿರಬಾರದಿತ್ತು ಎನಿಸಿತು. ಅನಘಾ ಫೋಟೋ ತೆಗೆಯಲು ಫೋನ್ ಎತ್ತಿ, ನನ್ನ ಮುಖ ನೋಡಿ ಕೆಳಗಿಳಿಸಿದಳು.

ಸುಸ್ತೆರ್ ರೋಸ್

ನರ್ಸಿಗೆ ಅಲ್ಲಿ ಸುಸ್ತೆರ್ ಎನ್ನುತ್ತಾರೆ, ಸನ್ಯಾಸಿನಿಗೂ ಅದೇ. ನಮ್ಮ ಕಾನ್ವೆಂಟಿನ ಸಿಸ್ಟರುಗಳ ಮುಂದೆ ನಿಂತಾಗ ಹೇಗೋ ಹಾಗೆಯೇ ನಾನು ಸುಸ್ತೆರ್ ರೋಸ್ ಅವರ ಮನೆ ಬಾಗಿಲಲ್ಲಿ ಉಗುರು ಮುಚ್ಚಿಕೊಂಡು ನಿಂತಿದ್ದೆ. ಆಸ್ಪತ್ರೆಯಲ್ಲಿ ವಿಚಾರಿಸಿದಾಗ, ಅವರು ನಿವೃತ್ತರಾಗಿ ಮನೆಯಲ್ಲಿದ್ದಾರೆಂದು ದಾರಿ ಹೇಳಿ ಕಳಿಸಿದ್ದರು.

ಕುಳ್ಳಗಿನ ಹೆಂಗಸು, ತುಟಿಯೆಲ್ಲ ಅಡಿಕೆಯ ಕೆಂಪು. ಕೂರಿಸಿ, ಯಾರೆಂದು ಕೇಳುವ ಮೊದಲೇ ಹೆಣೆದ ಪೆಟ್ಟಿಗೆಯಲ್ಲಿ ತಾಂಬೂಲ ಮುಂದಿಟ್ಟರು. ಅಲ್ಲಿ ವೀಳ್ಯದ ಎಲೆಯಲ್ಲ, ಬಳ್ಳಿಯಲ್ಲಿ ಬಿಡುವ ಉದ್ದನೆಯ ಕಾಯಿ. ಬೇಡವೆಂದರೆ ಮನೆಗೆ ಬಂದೇ ಇಲ್ಲವೆಂದು ಲೆಕ್ಕ. ಬಾಯಿಗೆ ಹಾಕಿಕೊಂಡೆ, ಸುಣ್ಣ ನಾಲಿಗೆ ಸುಟ್ಟಿತು. ಆಮೇಲೆ ಜಪಮಾಲೆ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. "ಸೂದಿ" ಎಂದರು.

ಅವರು ಹೇಳುತ್ತ ಹೋದರು, ಅನಘಾ ತುಂಡು ತುಂಡಾಗಿ ನನಗೆ ಇಂಗ್ಲಿಷ್ ಮಾಡುತ್ತ ಹೋದಳು. ಹಡಗಿನ ಹುಡುಗ, ಭಾಷೆ ಬಾರದವನು, ಅವರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಮೊದಲ ದಿನ ಇಂಗ್ಲಿಷಿನಲ್ಲಿ ತಮಾಷೆಯಾಗಿ ಮಾತಾಡಿದ. ಎರಡನೆಯ ದಿನದಿಂದ ಜ್ವರದಲ್ಲಿ ಅವನ ಭಾಷೆಯೇ ಬಂತು, ಯಾರಿಗೂ ಅರ್ಥವಾಗಲಿಲ್ಲ. ಎರಡೇ ಪದ ಅರ್ಥವಾದವು. ಒಂದು ಹೆಂಗಸಿನ ಹೆಸರು, ಅಕ್ಕ. ಇನ್ನೊಂದು, ದೋಸ. ಅಕ್ಕ, ದೋಸ. ಅಕ್ಕ, ದೋಸ. ಕಣ್ಣಲ್ಲಿ ನೀರು ಹಾಕಿಕೊಂಡು ಹೇಳುತ್ತಿದ್ದನಂತೆ. ಯಾವುದೋ ಹೆಂಗಸಿಗೆ ಅನ್ಯಾಯ ಮಾಡಿ ಬಂದು ಹಲುಬುತ್ತಿದ್ದಾನೆ ಎಂದುಕೊಂಡರು. ಅವನ ಧರ್ಮ ಯಾವುದೋ ಗೊತ್ತಿರಲಿಲ್ಲ, ಆದರೂ ಪಾದ್ರಿಯನ್ನು ಕರೆಸಿದರು, ತಮ್ಮ ಜಪಮಾಲೆಯನ್ನೇ ಕೈಗಿಟ್ಟರು. ಅವನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡನಂತೆ.

ಅನಘಾ ನಡುವೆ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅವಳಿಗೂ ತಿಳಿದಿತ್ತು. ಅಳುತ್ತಾಳೋ ನಗುತ್ತಾಳೋ ಎನ್ನುವ ಹಾಗಿತ್ತು ಅವಳ ಮುಖ. "ಮಮ್, ಹೀ ವಾಸ್ ಜಸ್ಟ್ ಹಂಗ್ರಿ" ಎಂದಳು. ನನಗೂ ಹೇಳಿಬಿಡಬೇಕೆನಿಸಿತು. ಅದು ಪಾಪವಲ್ಲ ಸುಸ್ತೆರ್, ಅಕ್ಕಿ ಉದ್ದು ರುಬ್ಬಿ ಕಾವಲಿಯ ಮೇಲೆ ಹಾಕುವಂಥದ್ದು, ಅವನು ಕೇಳಿದ್ದು ಅಷ್ಟೇ ಎಂದು. ಮಾತು ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಸುಸ್ತೆರ್ ರೋಸ್ ಇನ್ನೊಂದು ವಿಷಯ ಹೇಳಿದರು. ಗಂಜಿ ತಂದರೆ ಸುಧಿ ಮುಖ ತಿರುಗಿಸುತ್ತಿದ್ದ. ಬೇರೆ ರೋಗಿಗಳಿಗೆ ಅವರು ಗದರಿಸಿ, ಮೂಗು ಹಿಡಿದಾದರೂ ಕುಡಿಸುತ್ತಿದ್ದರಂತೆ. ಇವನಿಗೆ ಹಾಗೆ ಮಾಡಲಿಲ್ಲ. ಪಶ್ಚಾತ್ತಾಪ ಪಡುವವನು ಉಪವಾಸ ಮಾಡುತ್ತಿದ್ದಾನೆ, ಅದನ್ನು ಕೆಡಿಸಬಾರದು ಎಂದು ಬಟ್ಟಲು ಪಕ್ಕಕ್ಕಿಟ್ಟರು. ಕೊನೆಯ ಎರಡು ದಿನ ಒತ್ತಾಯ ಮಾಡಲೇ ಇಲ್ಲ. ಅವನ ಉಪವಾಸಕ್ಕೆ ತಾನೂ ಜೊತೆಯಾಗಿದ್ದೆ ಎಂದು ಹೇಳುವಾಗ ಅವರ ದನಿಯಲ್ಲಿ ಒಂದು ನೆಮ್ಮದಿ ಇತ್ತು.

ಗಂಜಿ ಕುಡಿದಿದ್ದರೆ ಅವನು ಉಳಿಯುತ್ತಿದ್ದ ಎಂದಲ್ಲ. ಡಾಕ್ಟರು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಆದರೆ ಹೇಳಿಬಿಟ್ಟರೆ, ಈ ಹೆಂಗಸು ಇನ್ನು ಬದುಕಿರುವಷ್ಟು ದಿನ ಆ ಬಟ್ಟಲನ್ನು ನೋಡುತ್ತಲೇ ಇರುತ್ತಾರೆ. ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಅನಘಾ ಮತ್ತೆ ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಮಣಿಕಟ್ಟು ಹಿಡಿದುಕೊಂಡೆ.

"ಹೇಳ್ಬೇಡ" ಎಂದೆ.

ಸುಸ್ತೆರ್ ಒಂದು ನೋಟ್‌ಬುಕ್ ತಂದರು. ಅವರ ಕೈಯಲ್ಲಿ ತೀರಿಕೊಂಡು, ಅಳುವವರು ಯಾರೂ ಹತ್ತಿರ ಇರದವರ ಹೆಸರುಗಳು. ಅದರಲ್ಲಿ ಸೂದಿ. ಹೆಸರಿನ ಮುಂದೆ ಸಾಲುಸಾಲು ಸಣ್ಣ ಶಿಲುಬೆ ಗುರುತು, ಚರ್ಚಿನಲ್ಲಿ ಮಾಡಿಸಿದ ಒಂದೊಂದು ಪೂಜೆಗೆ ಒಂದೊಂದು. ಆರು ವರ್ಷ, ಆ ಅಕ್ಕ ಎನ್ನುವವಳ ಮನಸ್ಸು ಕರಗಲಿ, ಈ ಹುಡುಗನನ್ನು ಕ್ಷಮಿಸಲಿ ಎಂದು ಬೇಡಿಕೊಂಡಿದ್ದಾರೆ. ಆಮೇಲೆ ಅವರು ಏನೋ ಕೇಳಿದರು. ಮತ್ತೆ ಕೇಳಿದರು.

ನನ್ನ ಮಗಳು ನೆಲ ನೋಡುತ್ತ, ಅವತ್ತು ಮೊದಲ ಸಲ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಅಕ್ಕ ಯಾರು ಅಂತ ಗೊತ್ತಾ ನಿಮಗೆ, ಅವರು ಫರ್ಗಿವ್ ಮಾಡಿದ್ರಾ ಅಂತ ಕೇಳ್ತಿದಾರೆ."

ನಾನು ಎದೆ ಮುಟ್ಟಿಕೊಂಡು "ಅಕ್ಕ" ಎಂದೆ. ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಒರಟು ಕೈ, ಸುಣ್ಣದ ವಾಸನೆ. ಅದೇ ಪ್ರಶ್ನೆ ಅವರ ಕಣ್ಣಲ್ಲಿತ್ತು.

ನನ್ನ ತಮ್ಮ ನನಗೆ ಏನೂ ಮಾಡಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ರಿಬ್ಬನ್ ಕದ್ದು ಗಾಳಿಪಟದ ಬಾಲ ಮಾಡಿದ್ದು ಬಿಟ್ಟರೆ ಏನೂ ಇಲ್ಲ. ಅಂಥವನ ಹೆಸರಿಗೆ ಪಾಪ ಅಂಟಿಸಿ, ಆ ಪಾಪವನ್ನು ಕ್ಷಮಿಸುವವಳು ನಾನಾಗಬೇಕಿತ್ತು. ನನಗೆ ಬರುತ್ತಿದ್ದ ಎರಡು ಮೂರು ಪದಗಳಲ್ಲಿ ಒಂದು ಸಾಕಾಗಿತ್ತು.

"ಸುದಾ" ಎಂದೆ. ಆಯ್ತು.

ಸುಸ್ತೆರ್ ರೋಸ್ ನಿಧಾನವಾಗಿ ಕೂತು, ಸೂದಿಯ ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಜಪಮಾಲೆಯನ್ನು ನನಗೇ ಕೊಟ್ಟರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಬೆಮೊದಲ್ಲಿ ಆ ಗದ್ದಲದ ಹಾಡಿನ ನಡುವೆ ಅನಘಾ ನನ್ನ ಕಿವಿಗೆ ಬಾಗಿ, "ಯೂ ಲೈಡ್ ಟು ಹರ್" ಎಂದಳು. ಹೂಂ ಎಂದೆ. ಸ್ವಲ್ಪ ಹೊತ್ತಿನ ಮೇಲೆ ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಬಿಸಿಲು, ಧೂಳು, ಮನೆಮನೆಯ ಮುಂದೆ ನೀಲಿ ಟೈಲ್ಸಿನ ಸಮಾಧಿಗಳು ಹಿಂದೆ ಹಿಂದೆ ಹೋದವು.

ಹೊರಡುವ ಬೆಳಿಗ್ಗೆ

ಕಾನ್ವೆಂಟಿನಲ್ಲಿದ್ದಾಗ ಕ್ರಿಶ್ಚಿಯನ್ ಹುಡುಗಿಯರೆಲ್ಲ ಶುಕ್ರವಾರ ಸಾಲಾಗಿ ಪಾಪನಿವೇದನೆಗೆ ಹೋಗುತ್ತಿದ್ದರು. ಮರದ ಆ ಸಣ್ಣ ಗೂಡಿನೊಳಗೆ ಹೋಗಿ, ಏನೋ ಹೇಳಿ, ಹಗುರಾಗಿ ಕುಣಿಯುತ್ತ ಬರುತ್ತಿದ್ದರು. ನಮ್ಮಂಥವರು ಹೊರಗಿನ ಬೆಂಚಿನಲ್ಲಿ ಕೂತು ಕಾಯಬೇಕಿತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಮಾಮಾ ಲಿನ್ ಅವತ್ತೂ ಕಾಫಿ ತಂದರು. ಟ್ಯಾಕ್ಸಿ ಗೇಟಿನಲ್ಲಿ ನಿಂತಿತ್ತು. ಎಂದಿನಂತೆ ಹುಬ್ಬು ಹಾರಿಸಿ, "ದೋಸ ಸೋಂದೆ ಅದಾ, ಇಬೂ?" ಎಂದು ಕೇಳಿದರು.

ಸುಧಿ ನಮ್ಮ ಮನೆಗೆ ಬಂದ ದಿನ ಫ್ರಿಜ್ಜಿನಲ್ಲಿ ಎರಡು ಪಾತ್ರೆ ಹಿಟ್ಟಿತ್ತು. ಮರುದಿನ ನಮ್ಮ ಮನೆಯವರ ಮ್ಯಾನೇಜರ್ ಹೆಂಡತಿ ಮಕ್ಕಳೊಂದಿಗೆ ಮಸಾಲೆದೋಸೆಗೆ ಬರುವವರಿದ್ದರು. ಮುಟ್ಟಿದರೆ ಸಾಲದೆ ಹೋದೀತು ಎಂದು, ಹಿಟ್ಟಿಲ್ಲ ಎಂದಿದ್ದೆ. ಅವನು ಎರಡನೆಯ ಸಲ ಕೇಳಿದಾಗ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದೆ. ಮ್ಯಾನೇಜರ್ ಮನೆಯವರು ಅರ್ಧರ್ಧ ತಿಂದು, ತುಂಬಾ ಚೆನ್ನಾಗಿದೆ ಎಂದು ಕೈ ಒರೆಸಿಕೊಂಡರು. ಮಿಕ್ಕ ಹಿಟ್ಟು ಹುಳಿ ಬಂದು, ಬುಧವಾರ ಚೆಲ್ಲಿದೆ. ಆಗ ಸುಧಿ ಸಮುದ್ರದ ಮೇಲಿದ್ದ.

ಮಾಮಾ ಲಿನ್ ಕಪ್ಪು ಹಿಡಿದು, ನಾನು ಎಂದಿನಂತೆ ಸೋಂದೆ ಎನ್ನುವುದನ್ನು ಕಾಯುತ್ತ ನಗುತ್ತಿದ್ದರು.

"ಅದಾ" ಎಂದೆ.